ತವರಿನ ದಾರಿ ಕಾಣುವ ಗುಡ್ಡ

ಕೊಪ್ಪಳಕ್ಕೆ ಬಂದ ನೆಂಟರು ಕೋಟೆ ನೋಡುತ್ತಾರೆ, ಮಠದ ಗುಡ್ಡ ಹತ್ತಿ ಕೈ ಮುಗಿಯುತ್ತಾರೆ, ಊರು ಭಾಳ ಛಲೋ ಐತ್ರಿ ಎಂದು ಹೇಳಿ ರೈಲು ಹತ್ತುತ್ತಾರೆ. ನಮ್ಮ ಓಣಿಯ ಹಿಂದಿದ್ದ ಗುಡ್ಡದ ಮಾತೆತ್ತಿದರೆ, "ಅದ್ಯಾವ ಗುಡ್ಡ್ರೀ?" ಎನ್ನುತ್ತಾರೆ. ಹುಟ್ಟಿದಾಗಿನಿಂದ ಅದೇ ಊರಲ್ಲಿ ಇದ್ದವರೂ ಹಾಗೇ ಅನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅಲ್ಲಿ ಗುಡಿ ಇಲ್ಲ, ಶಾಸನ ಇಲ್ಲ, ಯಾವ ರಾಜನೂ ಅಲ್ಲಿ ಒಂದು ಕಲ್ಲಿನ ಮೇಲೆ ಇನ್ನೊಂದು ಕಲ್ಲು ಇಟ್ಟಿಲ್ಲ, ಅದು ಖರೆ. ದೇವರಿಲ್ಲದ ಗುಡ್ಡವನ್ನು ನಮ್ಮ ಕಡೆ ಯಾರು ಹತ್ತುತ್ತಾರೆ? ಕುರಿ ಹತ್ತುತ್ತಿದ್ದವು, ಹೆಂಗಸರು ಹತ್ತುತ್ತಿದ್ದೆವು.

ಹೆಂಗಸರು ಯಾಕೆ ಹತ್ತುತ್ತಿದ್ದೆವು ಎಂದು ಈಗಿನವರು ಕೇಳುತ್ತಾರೆ. ಹೇಳಲು ನನಗೇನೂ ನಾಚಿಕೆ ಇಲ್ಲ. ಆಗ ಎಂಥ ಸಾಹುಕಾರರ ಮನೆಯಲ್ಲೂ ಹೆಣ್ಣುಮಕ್ಕಳಿಗೆ ಪಾಯಖಾನೆ ಇರಲಿಲ್ಲ. ನಸುಕಿನಲ್ಲೊಮ್ಮೆ, ಸಂಜೆಗೊಮ್ಮೆ ತಂಬಿಗೆ ಹಿಡಿದು ನಾಲ್ಕು ಜನ ಕೂಡಿ ಗುಡ್ಡದ ಬುಡದ ಲೆಕ್ಕಿ ಗಿಡಗಳ ಮರೆಗೆ ಹೋಗಬೇಕು. ಆ ತಂಬಿಗೆಯೇ ನಮ್ಮ ಪರವಾನಗಿ. ಬರಿಗೈಲಿ ಹೊಸ್ತಿಲು ದಾಟಿದರೆ "ಎಲ್ಲಿಗೆ ಹೊಂಟಿ?" ಎನ್ನುವ ಅತ್ತೆ, ಕೈಯಲ್ಲಿ ತಂಬಿಗೆ ಇದ್ದರೆ ಮುಖ ಆಚೆ ಮಾಡಬೇಕು. ಹೋದ ಕೆಲಸ ಎಷ್ಟು ಹೊತ್ತಿನದು? ಅದು ಮುಗಿದ ಮೇಲೆ ನಾವು ಮನೆಗೆ ಬರುತ್ತಿರಲಿಲ್ಲ. ಗುಡ್ಡ ಹತ್ತುತ್ತಿದ್ದೆವು. ಮೇಲೆ ಒಂದು ಅಗಲವಾದ ಹಾಸುಬಂಡೆ ಇತ್ತು, ಅದರ ಮೇಲೆ ಕಾಲು ಚಾಚಿ ಕೂರುತ್ತಿದ್ದೆವು. ಓಣಿಯ ಸೊಸೆಯಂದಿರಿಗೆ ಇಡೀ ದಿನದಲ್ಲಿ ತಲೆಯ ಮೇಲಿನ ಸೆರಗು ಇಳಿಸಿ ಗಾಳಿ ತಗೊಳ್ಳಲು ಇದ್ದ ಜಾಗ ಅದೊಂದೇ.

ನಾನು ಆ ಓಣಿಗೆ ಸೊಸೆಯಾಗಿ ಬಂದದ್ದು ಲಡಾಯಿ ಕಾಲದಲ್ಲಿ. ಸೀಮೆಎಣ್ಣೆಗೆ ಸರದಿ ನಿಲ್ಲುವ ದಿನಗಳು ಅವು. ನನ್ನ ತವರು ತಾವರಗೇರಿಯ ಆಚೆಯ ಒಂದು ಹಳ್ಳಿ. ಕೊಪ್ಪಳದಿಂದ ಬಂಡಿ ಹೂಡಿದರೆ ನಡುವೆ ಒಂದು ರಾತ್ರಿ ಎಲ್ಲಾದರೂ ಮಲಗಿ ಮರುದಿನ ಮುಟ್ಟಬೇಕು. ನಮ್ಮದು ಒಕ್ಕಲುತನದ ಮನೆ. ಗಂಡನ ಮನೆಯದು ಪೇಟೆಯಲ್ಲಿ ಅಡತಿ ಅಂಗಡಿ, ಶೇಂಗಾ ಹತ್ತಿ ತೂಗುವ ವ್ಯಾಪಾರ. ಹೊಲದಲ್ಲಿ ಎಳೆಗಡಲೆ ಕಿತ್ತು ತಿನ್ನುತ್ತ ಬೆಳೆದವಳನ್ನು ತಂದು ಮಣ್ಣಿನ ಮಾಳಿಗೆಯ ಕೆಳಗೆ, ಬೆಳಕಿಂಡಿಯಿಂದ ಬಿದ್ದಷ್ಟೇ ಬಿಸಿಲಿನಲ್ಲಿ ಕೂರಿಸಿದರೆ ಹೇಗಾಗಬೇಡ! ಮೊದಲ ವರ್ಷ ನಾನು ಅತ್ತದ್ದು ಆ ಮನೆಯ ಒಲೆಗೆ ಗೊತ್ತು. ಹೊಗೆಯ ನೆವದಲ್ಲಿ ಅತ್ತರೆ ಯಾರೂ ಏನೂ ಕೇಳುವುದಿಲ್ಲ.

ಅತ್ತೆ ಎತ್ತರದ ಹೆಂಗಸು. ಧ್ವನಿ ಅದಕ್ಕಿಂತ ಎತ್ತರ. ಪಡಸಾಲೆಯಲ್ಲಿ ನಿಂತು ಕೂಗಿದರೆ ಹಿತ್ತಲಿನ ಎಮ್ಮೆ ಕಿವಿ ನಿಮಿರಿಸುತ್ತಿತ್ತು. ಕೆಟ್ಟವಳು ಎಂದು ನಾನು ಅನ್ನಲಾರೆ, ಆದರೆ ಮೆತ್ತಗಿನ ಮಾತು ಆಕೆಗೆ ಬರುತ್ತಿರಲಿಲ್ಲ. ರೊಟ್ಟಿ ಬಡಿಯುವಾಗ ಅಂಚು ಹರಿದರೆ "ನಿಮ್ಮವ್ವ ಇಷ್ಟ ಕಲಿಸ್ಯಾಳೇನ ಬೇ?" ಎಂದುಬಿಡುತ್ತಿದ್ದಳು. ನನ್ನನ್ನು ಏನಾದರೂ ಅನ್ನು, ಅವ್ವನನ್ನು ಅನ್ನಬೇಡ ಎಂದು ನಾಲಗೆಯ ತುದಿವರೆಗೆ ಬರುತ್ತಿತ್ತು. ನುಂಗುತ್ತಿದ್ದೆ. ಸಂಜೆ ತಂಬಿಗೆ ಹಿಡಿದು ಗುಡ್ಡ ಹತ್ತಿದ ಮೇಲೆ ಅದನ್ನೆಲ್ಲ ಬಂಡೆಯ ಮೇಲೆ ಕಾರುತ್ತಿದ್ದೆ.

ಆ ಬಂಡೆಯ ಮೇಲೆ ನಮಗೆ ಯಾರಿಗೂ ಹೆಸರಿರಲಿಲ್ಲ. ತವರಿನ ಹೆಸರಿಂದಲೇ ಕರೆದುಕೊಳ್ಳುತ್ತಿದ್ದೆವು. ನಾನು ತಾವರಗೇರಿಯಾಕಿ. ನನ್ನ ಜೀವದ ಗೆಳತಿ ಗಡ್ಡಿಯಾಕಿ. ಹೊಳೆಯ ನಡುವಿನ ವಿರೂಪಾಪುರಗಡ್ಡೆಯವಳು, ಭತ್ತದ ಸೀಮೆಯಿಂದ ಬಂದವಳು. "ನಮ್ಮಲ್ಲಿ ದಿನಾ ಅನ್ನ" ಎಂದು ಹೇಳಿ ಹೇಳಿ ಜೋಳದ ರೊಟ್ಟಿಯ ನಮ್ಮನ್ನೆಲ್ಲ ರೇಗಿಸುತ್ತಿದ್ದಳು. ಮತ್ತೊಬ್ಬಾಕೆ ಮೂಲೆಮನೆಯ ಆಯಿ. ವಯಸ್ಸಾದವಳು, ಮೊಮ್ಮಕ್ಕಳನ್ನು ಕಂಡವಳು, ಆದರೂ ದಿನ ತಪ್ಪದೆ ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದಳು. "ನಿಮಗ ಕಾವಲ ಬ್ಯಾಡೇನ್ರೇ, ಕರಡಿ ಬಂದ್ರ?" ಎನ್ನುತ್ತಿದ್ದಳು. ಗುಡ್ಡದ ಆಚೆಯ ಗವಿಗಳಲ್ಲಿ ಕರಡಿ ಇದ್ದದ್ದು ಖರೆ. "ಕರಡಿ ಬಂದ್ರ ನೀ ಏನ ಮಾಡ್ತಿ ಆಯಿ?" ಎಂದು ಗಡ್ಡಿಯಾಕಿ ಕೇಳಿದರೆ, "ನಿನ್ನ ಮುಂದ ನೂಕಿ ನಾ ಓಡ್ತೀನಿ, ಅನ್ನ ತಿಂದ ಮೈ ಮೆತ್ತಗ ಇರತೈತಿ" ಎನ್ನುತ್ತಿದ್ದಳು.

ಮೇಲಿಂದ ಕೊಪ್ಪಳ ಎಷ್ಟು ಚಂದ ಕಾಣುತ್ತಿತ್ತು ಎಂದು ಹೇಗೆ ಹೇಳಲಿ! ಬಂಡೆಯ ಈಚೆ ಬದಿಗೆ ಕೂತರೆ ಇಡೀ ಊರು ಕಾಲ ಬುಡದಲ್ಲಿ. ಕೆಂಪು ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ಬಿದ್ದಿರುತ್ತಿದ್ದವು. ಯಾರ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿದೆ, ಯಾರು ಕೌದಿ ಹರವಿ ಮರೆತಿದ್ದಾರೆ, ಯಾವ ಅತ್ತೆ ಸೊಸೆ ಸಂಡಿಗೆ ಕಾಯುವ ನೆವದಲ್ಲಿ ಜಗಳಾಡುತ್ತಿದ್ದಾರೆ, ಎಲ್ಲ ನಮಗೆ ತಿಳಿಯುತ್ತಿತ್ತು. ಆಚೆ ಕೋಟೆಯ ಗುಡ್ಡ, ಅದರ ಮಗ್ಗುಲಿಗೆ ಕೆರೆಯ ನೀರು, ಇತ್ತ ತಹಶೀಲ ಕಚೇರಿಯ ಹುಣಸೆಮರ. ಸಂಜೆಯ ಗಾಡಿ ಹುಬ್ಬಳ್ಳಿ ಕಡೆಯಿಂದ ಹೊಗೆ ಬಿಡುತ್ತ ಬಂದು ಸ್ಟೇಶನ್ನಿನಲ್ಲಿ ನಿಂತು, ಮತ್ತೆ ಹೊಸಪೇಟೆ ಕಡೆ ಹೋಗುವುದನ್ನು ಉಸಿರು ಹಿಡಿದು ನೋಡುತ್ತಿದ್ದೆವು. ಆಮೇಲೆ ಒಂದೊಂದೇ ಬೆಳಕಿಂಡಿಯಲ್ಲಿ ದೀಪ. ಅತ್ತ ಮಸೀದಿಯ ಬಾಂಗು, ಇತ್ತ ಗುಡಿಯ ಗಂಟೆ, ಎಲ್ಲೋ ಒಬ್ಬ ತಾಯಿ ಮಗನನ್ನು ಕೂಗುವ ದನಿ. ಹಗಲೆಲ್ಲ ನಮ್ಮನ್ನು ಗದರಿಸುವ ಊರು ಅಲ್ಲಿಂದ ನೋಡಿದರೆ ಪಾಪ ಅನ್ನಿಸುತ್ತಿತ್ತು.

ಹೀಗೆ ಹೇಳುತ್ತೇನೆ, ಆದರೆ ಖರೆ ಹೇಳಬೇಕೆಂದರೆ ನಾನು ಆ ಕಡೆ ಕೂತದ್ದು ಕಡಿಮೆ. ನಾನು ಕೂರುತ್ತಿದ್ದುದು ಬಂಡೆಯ ಆಚೆ ತುದಿಗೆ, ಊರಿಗೆ ಬೆನ್ನು ಹಾಕಿ. ಅಲ್ಲಿಂದ ಕುಷ್ಟಗಿಯ ದಾರಿ ಕಾಣುತ್ತಿತ್ತು. ಎರೆಹೊಲಗಳ ನಡುವೆ ಬೆಳ್ಳಗೆ ಹೋಗಿ, ಒಂದು ಹಳ್ಳದಲ್ಲಿ ಇಳಿದು, ಬೇವಿನಮರಗಳ ಗುಂಪಿನ ಹತ್ತಿರ ಮತ್ತೆ ಎದ್ದು, ದಿಬ್ಬ ದಾಟಿ ಮುಗಿದುಹೋಗುತ್ತಿತ್ತು. ಆ ದಿಬ್ಬದ ಆಚೆ ಎಲ್ಲೋ ಅವ್ವ ಇದ್ದಳು. ಈ ಹೊತ್ತಿಗೆ ಅವ್ವ ಎಮ್ಮೆ ಹಿಂಡುತ್ತಿರಬೇಕು, ಈ ಹೊತ್ತಿಗೆ ಅಂಗಳಕ್ಕೆ ನೀರು ಹೊಡೆದು ಕಟ್ಟೆಗೆ ಕೂತಿರಬೇಕು, ಯಾರಾದರೂ ಹಾದರೆ ಕರೆದು ಕೊಪ್ಪಳದ ಸುದ್ದಿ ಕೇಳುತ್ತಿರಬೇಕು ಎಂದು ಲೆಕ್ಕ ಹಾಕುತ್ತ ಕೂರುತ್ತಿದ್ದೆ. ನನ್ನ ಅವ್ವ ಗಿಡ್ಡಕ್ಕೆ, ಕಪ್ಪಗೆ, ಬಾಯಿ ಮುಚ್ಚದೆ ಮಾತಾಡುವ ಹೆಂಗಸು. ಆಕೆ ಬೈಯುವುದೂ ಹಾಗೇ, ಪ್ರೀತಿ ಮಾಡುವುದೂ ಹಾಗೇ. ಎರಡಕ್ಕೂ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ತಲೆ ಬಾಚುವಾಗ ಕೂದಲು ಕಿತ್ತುಬರುವ ಹಾಗೆ ಎಳೆದು, "ಎಷ್ಟ ಸಿಕ್ಕ ಮಾಡ್ಕೊಂಡೀಯಲೇ ಮೂಳ" ಎಂದು ಬೈದು, ಆ ಮೇಲೆ ಹಣೆಗೆ ಹಣೆ ಹಚ್ಚುತ್ತಿದ್ದಳು. ಆ ಬೈಗುಳ ಕೇಳದೆ ಕಿವಿ ಬಣಗುಟ್ಟಿಹೋಗಿತ್ತು.

ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂಡಿ ಕಟ್ಟಿಕೊಂಡು ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯಬೇಕು. ಆಷಾಢ ಮುಗಿಯುತ್ತ ಬಂತೆಂದರೆ ನಮ್ಮ ಬಂಡೆಯ ಮೇಲೆ ಯಾರೂ ಊರಿನ ಕಡೆ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ದಾರಿಗಳ ಮೇಲೆ. ಗಡ್ಡಿಯಾಕಿಯ ಅಣ್ಣ ಹೊಳೆ ದಾಟಿ ಗಂಗಾವತಿ ದಾರಿಯಿಂದ ಬರಬೇಕು, ನನ್ನ ಅಣ್ಣ ಕುಷ್ಟಗಿ ದಾರಿಯಿಂದ. ದೂರದ ಬಂಡಿಯನ್ನು ನೋಡಿಯೇ ಯಾರದು, ಯಾತಕ್ಕೆ ಬಂತು ಎಂದು ಹೇಳುವ ವಿದ್ಯೆ ನಮಗೆಲ್ಲ ಬಂದಿತ್ತು. ಹೇರು ಹೇರಿದ ಬಂಡಿಯ ನಡಿಗೆಯೇ ಬೇರೆ. ಗಂಡಸರೇ ಇರುವ ಬಂಡಿ ಬಯಲಾಗಿ ಬರುತ್ತದೆ. ಹೆಂಗಸರನ್ನು ಒಯ್ಯುವ ಬಂಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ಜಮಖಾನೆ ಹೊದಿಸಿ, ಹಿಂದೆ ಮುಂದೆ ಪರದೆ ಬಿಟ್ಟಿರುತ್ತಾರೆ. ಮಗಳನ್ನು ಕರೆಯಲು ಬರುವ ಬಂಡಿಯ ಎತ್ತಿಗೆ ಕೊರಳತುಂಬ ಗೆಜ್ಜೆಸರ ಇರಲೇಬೇಕು. ಗಾಳಿ ನಮ್ಮ ಕಡೆ ಇದ್ದರೆ ಬಂಡಿಗಿಂತ ಮೊದಲು ಗೆಜ್ಜೆ ಕೇಳುತ್ತಿತ್ತು.

ಬಂಡಿ ಕಂಡವಳು ಮಾತ್ರ ಒಂದು ನೇಮ ಪಾಲಿಸಬೇಕು. ಕಂಡೆ ಅನ್ನಬಾರದು. ಏನೂ ಗೊತ್ತಿಲ್ಲದ ಹಾಗೆ ಮನೆಗೆ ಹೋಗಿ, ಬೀಸುವ ಕಲ್ಲಿನ ಮುಂದೆ ಕೂತು, ಅಣ್ಣ ಬಾಗಿಲಲ್ಲಿ ನಿಂತಾಗ "ಅಯ್ಯ, ಅಣ್ಣ ಬಂದಾನ!" ಎಂದು ಬೆರಗಾಗಬೇಕು. ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಕೂಳಿಗೆ ಕಡಿಮೆಯೇನು, ದಾರಿ ಕಾಯುತ್ತಾಳಲ್ಲ ಎಂದು ಅತ್ತೆಯಂದಿರು ಎತ್ತಿ ಆಡುತ್ತಾರೆ. ಗಡ್ಡಿಯಾಕಿ ಈ ನಾಟಕದಲ್ಲಿ ಪೂರಾ ದಡ್ಡಿ. ಒಂದು ವರ್ಷ ಮುಖ ತೊಳೆದು, ಹೊಸ ಸೀರೆ ಉಟ್ಟು, ಹೂ ಮುಡಿದು ಬೀಸಲು ಕೂತಿದ್ದಳಂತೆ. ಆಕೆಯ ಅತ್ತೆ ಕೇಳಿದಳಂತೆ: "ಜ್ವಾಳಾ ಬೀಸಾಕ ಹೂವು ಯಾಕ ಬೇ?" ನಾವು ಅದನ್ನು ಹೇಳಿಕೊಂಡು ವರ್ಷವಿಡೀ ನಕ್ಕೆವು.

ನಾನು ಹೇಳುತ್ತಿರುವ ವರ್ಷ ನಾನು ಚೊಚ್ಚಲ ಬಸುರಿ. ಹಿಂದಿನ ಪಂಚಮಿಗೆ ಮಳೆ ಹಿಡಿದು ಹಳ್ಳಗಳು ತುಂಬಿ ಅಣ್ಣ ಬಂದಿರಲಿಲ್ಲ. ಅವ್ವನ ಮುಖ ನೋಡಿ ಎರಡು ವರ್ಷವಾಗುತ್ತ ಬಂದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅದನ್ನು ಯಾವ ಅತ್ತೆಯೂ ತಪ್ಪಿಸುವಂತಿಲ್ಲ. ಪಂಚಮಿಗೆ ಅಣ್ಣ ಕರೆದೊಯ್ಯುವುದು, ಬಾಣಂತನ ಮುಗಿಸಿಕೊಂಡು ಕೂಸಿನೊಂದಿಗೆ ಬರುವುದು ಎಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು. ತಾವರಗೇರಿ ಸಂತೆಗೆ ಹೋಗಿಬರುತ್ತಿದ್ದ ಬಳೆಗಾರನ ಕೈಯಲ್ಲಿ ಅವ್ವ ಹೇಳಿಕಳಿಸಿದ್ದಳು: "ಕೌದಿ ಹೊಲದೇನಿ, ಬಾಣಂತಿ ಉಂಡಿಗೆ ಅಂಟು ಕೂಡಿಸೇನಿ, ಬರ್ಲಿ ಆಕಿ." ಆ ಮಾತನ್ನು ನಾನು ಬಳೆಗಾರನಿಂದ ಮೂರು ಸಲ ಹೇಳಿಸಿದೆ. ಅವನು ನಕ್ಕು, "ಇನ್ನೊಮ್ಮಿ ಹೇಳಲ್ಯಾ ಯವ್ವಾ?" ಎಂದ.

ಹೊಟ್ಟೆ ಹೊತ್ತು ಗುಡ್ಡ ಹತ್ತಬೇಡ ಎಂದರು ಎಲ್ಲರೂ. ನಾನು ಕೇಳಲಿಲ್ಲ. ಗಡ್ಡಿಯಾಕಿ ಒಂದು ಕೈ, ಆಯಿ ಒಂದು ಕೈ ಹಿಡಿದು ಮೆಲ್ಲಗೆ ಹತ್ತಿಸುತ್ತಿದ್ದರು. ಅಮಾವಾಸ್ಯೆಗೆ ಇನ್ನೂ ಕೆಲವು ದಿನ ಇತ್ತು. ಅಷ್ಟು ಬೇಗ ಯಾರ ಬಂಡಿಯೂ ಬರುವುದಿಲ್ಲ. ಆದರೂ ಆ ಸಂಜೆ ದಿಬ್ಬದ ಮೇಲೆ ಒಂದು ಬಂಡಿ ಏರಿತು. ಒಂದು ಎತ್ತು ಬಿಳಿ, ಒಂದು ಮಾಸಲು ಕಪ್ಪು. ಕಪ್ಪು ಎತ್ತು ಕತ್ತು ಓರೆ ಮಾಡಿ ನಡೆಯುತ್ತಿತ್ತು. ನಮ್ಮ ಮನೆಯ ಎತ್ತನ್ನು ನಾನು ಗುರುತಿಸಲಾರೆನೇ? ಅದರ ಕರು ಕಾಲದಲ್ಲಿ ಅದಕ್ಕೆ ಹುಲ್ಲು ಹಾಕಿದವಳು ನಾನು. ಕಮಾನು ಕಟ್ಟಿತ್ತು, ಜಮಖಾನೆ ಹೊದಿಸಿತ್ತು.

"ನಂದ! ನಂದ ಬೇ ಅದು!" ಎಂದೆ. ಗಡ್ಡಿಯಾಕಿ ನನ್ನನ್ನು ಅಪ್ಪಿಕೊಂಡಳು.

ಆಯಿ ಮಾತ್ರ ಹಣೆಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. "ಗೆಜ್ಜಿ ಸಪ್ಪಳ ಇಲ್ಲಲ್ಲವಾ" ಎಂದಳು.

"ಅವಸರಕ್ಕ ಕಟ್ಟಿರಾಕಿಲ್ಲ ಬಿಡು ಆಯಿ" ಎಂದೆ.  ಇಳಿಯುವಾಗ ಆಕೆ ನನ್ನ ತೋಳನ್ನು ಬಿಗಿಯಾಗಿ ಹಿಡಿದಿದ್ದಳು.

ಮನೆಗೆ ಬಂದು ನೇಮದ ಪ್ರಕಾರ ಮುಖ ಗಂಟು ಹಾಕಿಕೊಂಡು ಜೋಳ ಹಸನು ಮಾಡುತ್ತ ಕೂತೆ. ಎದೆಯಲ್ಲಿ ಮಾತ್ರ ಜೋಕಾಲಿ. ಕಂದೀಲು ಹಚ್ಚುವ ಹೊತ್ತಾಯಿತು, ಅಣ್ಣ ಬರಲಿಲ್ಲ. ಅಂಗಡಿಗೆ ಹೋಗಿ ಮಾವನ ಹತ್ತಿರ ಮಾತಾಡುತ್ತ ಕೂತಿರಬೇಕು ಅಂದುಕೊಂಡೆ. ಮಾವ ಬಂದರು. ನನ್ನ ಗಂಡನೂ ಬಂದ. ಅವರ ಹಿಂದೆ ಯಾರೂ ಇಲ್ಲ. ಮಾವ ಅತ್ತೆಯನ್ನು ದೇವರಮನೆಗೆ ಕರೆದು ಏನೋ ಪಿಸುಗುಟ್ಟಿದರು. ಗಂಡ ರೊಟ್ಟಿ ಮುರಿದವನು ತಿನ್ನದೆ ಕೈ ತೊಳೆದ. "ಯಾಕ್ರಿ?" ಎಂದರೆ "ಹೊಟ್ಟಿ ಸರಿ ಇಲ್ಲ" ಎಂದ, ನನ್ನ ಕಡೆ ನೋಡದೆ. ಅತ್ತೆ ಹೊರಗೆ ಬಂದು, "ಯಲಬುರ್ಗಿ ನಮ್ಮಕ್ಕಗ ಆರಾಮಿಲ್ಲಂತ. ನಸುಕಿನ್ಯಾಗ ಹೊಂಟೇನಿ. ಮನಿ ಕಡೆ ಲಕ್ಷ ಇರ್ಲಿ" ಎಂದಳು. ಆ ದೊಡ್ಡ ಗಂಟಲು ಆಗ ಸಣ್ಣಗಾಗಿತ್ತು.

ಅಣ್ಣನ ಬಗ್ಗೆ ಕೇಳುವಂತಿರಲಿಲ್ಲ. ಕೇಳಿದರೆ ಬಂಡಿ ಹೇಗೆ ಕಂಡಿತು, ಎಲ್ಲಿಂದ ಕಂಡಿತು ಎಂದಾಗುತ್ತದೆ. ಎಂಥ ಹಾಳು ನೇಮ ನಮ್ಮದು! ಬಾಯಿ ಕಟ್ಟಿಕೊಂಡು ಹೊರಳಾಡಿದೆ. ಎದ್ದಾಗ ಅತ್ತೆ ಹೋಗಿಬಿಟ್ಟಿದ್ದಳು. ತಂಬಿಗೆ ಹಿಡಿದು, ಯಾರ ಕೈಯನ್ನೂ ಕಾಯದೆ, ಗಿಡಗಂಟಿ ಹಿಡಿದುಕೊಳ್ಳುತ್ತ ಒಬ್ಬಳೇ ಗುಡ್ಡ ಹತ್ತಿದೆ.

ಬಿಸಿಲು ಆಗಷ್ಟೇ ಬಿದ್ದಿತ್ತು. ಕುಷ್ಟಗಿ ದಾರಿಯಲ್ಲಿ ಬೇವಿನಮರಗಳ ಹತ್ತಿರ ಬಂಡಿ ಹೋಗುತ್ತಿತ್ತು. ಅದೇ ಬಿಳಿ ಎತ್ತು, ಅದೇ ಓರೆ ಕತ್ತಿನ ಕಪ್ಪು ಎತ್ತು. ಹಿಂದಿನ ಪರದೆ ಪೂರಾ ಇಳಿಬಿಟ್ಟಿತ್ತು. ನನ್ನನ್ನು ಬಿಟ್ಟು ಹೋಗುತ್ತಿತ್ತು. "ಅಣ್ಣಾ!" ಎಂದು ಕೂಗಿದೆ. ನನ್ನ ದನಿ ಗುಡ್ಡದ ಬುಡಕ್ಕೂ ಮುಟ್ಟಲಿಲ್ಲ. ಮತ್ತೆ ಕೂಗಿದೆ, ಸೆರಗು ಬಿಚ್ಚಿ ಬೀಸಿದೆ. ಎರಡು ಕೌಜುಗ ಹೆದರಿ ಹಾರಿದವು, ಅಷ್ಟೇ. ಬಂಡಿ ದಿಬ್ಬ ಏರಿ ಆಚೆ ಇಳಿಯಿತು. ನಾನು ಬಂಡೆಯ ಮೇಲೆ ಕುಸಿದು ಕೂತು, ಹೊಟ್ಟೆ ತಬ್ಬಿಕೊಂಡು, ಬಾಯಿ ಬಿಟ್ಟು ಅತ್ತುಬಿಟ್ಟೆ.

ನನಗೆ ತಿಳಿದದ್ದು ಇಷ್ಟು: ಅಣ್ಣ ಕರೆಯಲು ಬಂದಿದ್ದಾನೆ, ಇವರು ಬಾಗಿಲಿಗೂ ಕರೆಯದೆ ಅಂಗಡಿಯಿಂದಲೇ ತಿರುಗಿ ಕಳಿಸಿದ್ದಾರೆ, ನನ್ನ ಮುಖ ನೋಡಲಾರದೆ ಅತ್ತೆ ಯಲಬುರ್ಗಿಗೆ ಓಡಿದ್ದಾಳೆ. ಸಿಟ್ಟು ನೆತ್ತಿಗೇರಿತು. ಗಂಡನನ್ನು ಕೇಳಿದೆ, "ನಮ್ಮಣ್ಣ ಬಂದಿದ್ದಿಲ್ಲೇನ್ರಿ?" ಅವನು ತಲೆ ತಗ್ಗಿಸಿ, "ಈ ವರ್ಷ ಅಲ್ಲಿ ಅನುಕೂಲ ಇಲ್ಲಂತ. ಹೆರಿಗಿ ಇಲ್ಲೇ ಮಾಡೂಣಂತ" ಎಂದ. ಮಗಳ ಹೆರಿಗೆಗೆ ನನ್ನ ಅವ್ವನಿಗೆ ಅನುಕೂಲ ಇಲ್ಲವಂತೆ! ಕೌದಿ ಹೊಲಿದು ಅಂಟು ಕೂಡಿಸಿಟ್ಟವಳಿಗೆ! ಆ ಸುಳ್ಳು ಕೇಳಿ ನನಗೆ ಇನ್ನಷ್ಟು ಉರಿಯಿತು.

ಅತ್ತೆ ಬಂದದ್ದು ಪಂಚಮಿಯ ಹಿಂದಿನ ದಿನ. ಮುಖ ಸೊರಗಿತ್ತು, ತಲೆಗೆ ಎಣ್ಣೆ ಇರಲಿಲ್ಲ. "ನಿಮ್ಮಕ್ಕ ಆರಾಮಾದ್ರೇನ್ರಿ?" ಎಂದು ನಾನು ಚುಚ್ಚಿ ಕೇಳಿದೆ. "ಹ್ಞೂಂ" ಎಂದಳು. ಆ ಸಲ ಗಡ್ಡಿಯಾಕಿ ತವರಿಗೆ ಹೋಗುವಾಗ ನನಗೆ ಹೇಳದೆ ನಸುಕಿನಲ್ಲೇ ಕದ್ದು ಹೋದಳು. ನನ್ನ ಹೊಟ್ಟೆ ಉರಿಯದಿರಲಿ ಎಂದಿರಬೇಕು. ನಮ್ಮ ಮನೆಯಲ್ಲಿ ಅತ್ತೆ ನನಗಾಗಿ ಉಂಡಿ ಕಟ್ಟಿದಳು, ತೊಲೆಗೆ ಜೋಕಾಲಿ ಹಾಕಿಸಿದಳು. ನಾನು ಜೋಕಾಲಿ ಮುಟ್ಟಲಿಲ್ಲ. ಆಕೆಯೂ ಆ ಉಂಡಿಯಲ್ಲಿ ಒಂದನ್ನೂ ಬಾಯಿಗೆ ಹಾಕಲಿಲ್ಲ. ಮಾಡಿದ ತಪ್ಪು ಗಂಟಲಲ್ಲಿ ಸಿಕ್ಕಿದೆ ಎಂದು ಒಳಗೇ ಖುಷಿಪಟ್ಟೆ.

ಹೊಟ್ಟೆ ಭಾರವಾಗಿ ಇನ್ನು ಹತ್ತಲಾಗದು ಎನ್ನುವವರೆಗೆ ಗುಡ್ಡಕ್ಕೆ ಹೋದೆ. ನಾನು ಆಚೆ ತುದಿಗೆ ಕೂತು ದಾರಿ ನೋಡತೊಡಗಿದರೆ ಬಂಡೆಯ ಮೇಲೆ ಎಲ್ಲರೂ ಒಮ್ಮೆಗೇ ಜೋರಾಗಿ ಮಾತಾಡುತ್ತಿದ್ದರು, ಯಾರ ಎಮ್ಮೆ ಈಯಿತು, ಯಾರ ಮಾಳಿಗೆ ಸೋರಿತು ಎಂದು. ಆಯಿ ನನ್ನ ಬೆನ್ನು ಸವರುತ್ತ, "ಈಚಿ ಕಡೆ ಬಾರವಾ, ಗಾಡಿ ಬರೂ ಹೊತ್ತಾತು" ಎನ್ನುತ್ತಿದ್ದಳು. ನಾನು ಹೋಗುತ್ತಿರಲಿಲ್ಲ. ಒಬ್ಬ ಮನುಷ್ಯನನ್ನಾದರೂ ಕಳಿಸು ಅವ್ವ, ಒಂದು ಮಾತು ಹೇಳಿಕಳಿಸು ಎಂದು ಆ ದಿಬ್ಬಕ್ಕೆ ಬೇಡಿಕೊಳ್ಳುತ್ತಿದ್ದೆ. ಬಳೆಗಾರನೂ ಆ ತಿಂಗಳುಗಳಲ್ಲಿ ನಮ್ಮ ಓಣಿಗೆ ಬರಲಿಲ್ಲ.

ಮಹಾನವಮಿಗೆ ಮುಂಚೆ ಹೆತ್ತೆ, ಗಂಡು ಕೂಸು. ಬಾಣಂತನ ಪೂರಾ ಅತ್ತೆಯದೇ. ಕೆಲಸದವರ ಕೈಗೆ ಕೊಡಲಿಲ್ಲ. ತಾನೇ ನೀರು ಕಾಸಿದಳು, ತಾನೇ ಎಣ್ಣೆ ತಿಕ್ಕಿದಳು, ಹೊರಸಿನ ಕೆಳಗೆ ಕೆಂಡ ಇಟ್ಟು ಕಾಯುತ್ತ ಕೂತಳು. ಅಂಟಿನುಂಡಿ ಕೈಗೆ ಕೊಟ್ಟರೆ ನಾನು, "ನಮ್ಮವ್ವ ಮಾಡಿದ್ರ ಹಿಂಗ ಆಕ್ಕಿದ್ದಿಲ್ಲ" ಎನ್ನುತ್ತಿದ್ದೆ. ರೊಟ್ಟಿಯ ಅಂಚು ಹರಿದರೆ ಬಿಡದವಳು ಇದಕ್ಕೆ ತಿರುಗಿ ಒಂದು ಮಾತೂ ಆಡುತ್ತಿರಲಿಲ್ಲ. ಮುಖ ಆಚೆ ಮಾಡಿ ಕೂಸಿನ ಬಟ್ಟೆ ಮಡಿಚುತ್ತಿದ್ದಳು. ತವರಿನಿಂದ ತೊಟ್ಟಿಲು ಬಂತು, ಯಾರದೋ ಹೇರಿನ ಬಂಡಿಯಲ್ಲಿ. ಅವ್ವ ಬರಲಿಲ್ಲ, ಅಣ್ಣನೂ ಬರಲಿಲ್ಲ. ಅವಮಾನ ಮಾಡಿ ಕಳಿಸಿದ ಮನೆಗೆ ಅವರು ಯಾಕೆ ಬಂದಾರು ಎಂದುಕೊಂಡೆ.

ಮೂರನೆಯ ತಿಂಗಳು ನನ್ನನ್ನು ಹೊಸ್ತಿಲು ದಾಟಿಸಿದರು. ಬಾವಿಯ ಪೂಜೆ ಮುಗಿಯಿತು. ಆ ಸಂಜೆ ಅತ್ತೆ ಕೂಸನ್ನು ನಾದಿನಿಯ ಮಡಿಲಿಗೆ ಹಾಕಿ, ಕೈಯಲ್ಲಿ ತಂಬಿಗೆ ಹಿಡಿದು ನನ್ನ ಮುಂದೆ ನಿಂತಳು. "ನಡಿ, ಗುಡ್ಡಕ್ಕ ಹೋಗಿಬರೂಣು."

ನಾನು ದಂಗಾದೆ. ಮಂಡಿನೋವಿನ ಆಕೆ ಬುಡದ ಗಿಡಗಳಾಚೆ ಒಂದು ಹೆಜ್ಜೆ ಇಟ್ಟವಳಲ್ಲ. ಆ ದಿನ ಹತ್ತಿದಳು, ಅಲ್ಲಲ್ಲಿ ನಿಂತು, ನನ್ನ ಹೆಗಲ ಮೇಲೆ ಕೈ ಇಟ್ಟು. ಬಂಡೆಯ ಮೇಲೆ ಯಾರೂ ಇರಲಿಲ್ಲ. ಆಯಿ ಎಲ್ಲರನ್ನೂ ತಡೆದು ನಿಲ್ಲಿಸಿದ್ದಳೆಂದು ಆಮೇಲೆ ತಿಳಿಯಿತು. ಎಳ್ಳಮಾವಾಸ್ಯೆ ಹತ್ತಿರವಾಗಿತ್ತು, ಕೆಳಗೆ ಬಿಳಿಜೋಳ ತೆನೆ ಬಿಡುತ್ತಿತ್ತು. ಅತ್ತೆ ನಾನು ಕೂರುವ ತುದಿಗೇ ಹೋಗಿ ಕೂತಳು. ಅದು ಆಕೆಗೆ ಹೇಗೆ ಗೊತ್ತಿತ್ತೋ.

"ಇಲ್ಲೇ ಕುಂತ ನೋಡ್ತಿದ್ದಿಯಲ್ಲಾ ನೀನು?" ಎಂದಳು.

ನಾನು ಆಕೆಯ ಮಗ್ಗುಲಿಗೆ ಕೂತೆ.

"ನಿಮ್ಮವ್ವ ಹೋಗ್ಯಾಳವಾ" ಎಂದಳು. "ಪಂಚಮಿಗೆ ಮದಲ ಹೋಗ್ಯಾಳ. ನಿಮ್ಮಣ್ಣ ಬಂದಿದ್ದು ಹಬ್ಬಕ್ಕ ಕರಿಯಾಕಲ್ಲ. ಅವ್ವ ಉಳಿಯೂದಿಲ್ಲ, ಮಗಳ್ನ ನೋಡಬೇಕಂತಾಳ ಅಂತ ಹೇಳಾಕ ಬಂದಿದ್ದ. ಬಸರಿ ಹೆಂಗಸ್ನ ಸಾವಿನ ಮನಿಗೆ ಹೆಂಗ ಕಳಸಲಿ? ಹೊಟ್ಟ್ಯಾಗ ಕೂಸಿತ್ತು. ಹೆತ್ತು, ಹಸಿ ಮೈ ಗಟ್ಟಿ ಆಗೂತನಕ ಹೇಳಬಾರದಂತ ನಾನ ಎಲ್ಲಾರ ಬಾಯಿ ಕಟ್ಟಿಸಿದೆ. ಅಳು. ಮನ್ಯಾಗ ಕೂಸು ಬೆಚ್ಚತೈತಿ, ಅದಕ್ಕ ಇಲ್ಲಿ ಕರಕೊಂಡ ಬಂದೆ. ಎಷ್ಟ ಬೇಕಷ್ಟ ಅಳು."

ಅಳು ಬರಲಿಲ್ಲ.  ದಾರಿ ನೋಡಿದೆ. ಇಷ್ಟು ದಿನ ನಾನು ಬೇಡಿಕೊಂಡದ್ದು ಯಾರನ್ನು? ಆ ದಿಬ್ಬದ ಆಚೆ ಎಮ್ಮೆ ಹಿಂಡುವವಳು ಇಲ್ಲ, ಕಟ್ಟೆಗೆ ಕೂತವಳು ಇಲ್ಲ. ಕಡೆಗೆ ಬಾಯಿಂದ ಬಂದದ್ದು ಸಿಟ್ಟೇ. "ಬಂಡಿ ಖಾಲಿ ಕಳಿಸಿದ್ರಿ" ಎಂದೆ. "ನಾ ಇಲ್ಲಿಂದ ನೋಡೇನಿ. ಅವ್ವ ದಾರಿ ಕಾಯ್ಕೋತ ಹೋಗ್ಯಾಳ. ಖಾಲಿ ಬಂಡಿ ಕಳಿಸಿದ್ರಿ."

"ಖಾಲಿ ಇದ್ದಿಲ್ಲ" ಎಂದಳು ಅತ್ತೆ. "ಅದರಾಗ ನಾ ಇದ್ದೆ."

ಅಯ್ಯೋ, ಪರದೆ ಇಳಿಬಿಟ್ಟಿತ್ತಲ್ಲ! ಗಂಡಸು ಒಬ್ಬನೇ ಹೋಗುವ ಬಂಡಿಗೆ ಯಾರು ಪರದೆ ಬಿಡುತ್ತಾರೆ? ಬಂಡಿ ನೋಡಿ ಎಲ್ಲ ಹೇಳುವ ಜಾಣೆ ನಾನು, ನನ್ನ ತವರಿನ ಬಂಡಿಯನ್ನೇ ಓದಲಿಲ್ಲ.

"ಯಲಬುರ್ಗಿ ಅಂತ ಸುಳ್ಳ ಹೇಳಿದೆ. ನಿನ್ನ ಬದಲಿ ನಾ ಹೋದೆ. ಯಾರರ ಹೋಗಬೇಕಿತ್ತಲ್ಲ." ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಾ ಹೋಗೂದ್ರಾಗ ಕಣ್ಣ ಹೋಗಿದ್ವು ಆಕಿಗೆ. ಮನಷ್ಯಾರ ಗುರುತ ಹತ್ತತಿದ್ದಿಲ್ಲ. ನಾ ಮಗ್ಗಲಿಗೆ ಕುಂತು ಕೈ ಹಿಡದೆ. ಬಳಿ ಸಪ್ಪಳ ಕೇಳಿದಳೇನೋ, 'ಬಂದ್ಯಾ ಮಗಳ?' ಅಂದಳು."

"ನೀವೇನಂದ್ರಿ?"

"ಏನನ್ನಲಿ ಮತ್ತ? 'ಬಂದೇನಿ ಯವ್ವಾ' ಅಂದೆ."

ಬೀಗತಿಯನ್ನು, ವಯಸ್ಸಿನಲ್ಲಿ ತನಗಿಂತ ಸಣ್ಣವಳನ್ನು, ಈ ದೊಡ್ಡ ಗಂಟಲಿನ ಹೆಂಗಸು ಯವ್ವಾ ಅಂದಿದ್ದಳು.  "ಆಮ್ಯಾಲೆ?" ಎಂದೆ.

"ಆಮ್ಯಾಲೆ ಏನೈತಿ, ಬೈದಳು. 'ಇಷ್ಟ ತಡಾ ಮಾಡ್ತಾರೇನಲೇ ಮೂಳ, ಜೀವ ಹಿಡಕೊಂಡ ಕುಂತೀನಿ' ಅಂತ ಬಾಯಿಗೆ ಬಂದಂಗ ಬೈದಳು. ಬೈಸಿಕೊಂಡೆ. ಕೈ ಮಾತ್ರ ಬಿಡಲಿಲ್ಲ ನೋಡು, ಜೀವ ಹೋಗೂತನಕ ಬಿಡಲಿಲ್ಲ."

ಆಗ ಅಳು ಬಂತು. ಅತ್ತೆಯ ತೊಡೆಯ ಮೇಲೆ ಬಿದ್ದು, ಕೆಳಗಿನ ಊರಿಗೆಲ್ಲ ಕೇಳುವ ಹಾಗೆ ಅತ್ತುಬಿಟ್ಟೆ. ಆಕೆ ನನ್ನ ತಲೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು. ನನ್ನ ಅವ್ವ ಮಗಳು ಬಂದಳೆಂದು ನಂಬಿಕೊಂಡೇ ಹೋದಳು. ಆ ನಂಬಿಕೆ ಕೊಟ್ಟವಳಿಗೆ ಬದುಕಿರುವತನಕ ನಾನು ತಿರುಗಿ ಮಾತಾಡಲಿಲ್ಲ, ಆಕೆ ಹಾಸಿಗೆ ಹಿಡಿದಾಗ ಹೇಸದೆ ಎಲ್ಲ ಮಾಡಿದೆ. ಆದರೆ ಒಂದು ಮಾತು ಹೇಳಿಬಿಡುತ್ತೇನೆ, ಇಷ್ಟು ವಯಸ್ಸಾದ ಮೇಲೆ ಮುಚ್ಚಿಡುವುದೇನು? ಆಕೆಯ ಮೇಲೆ ನನಗೆ ಇವತ್ತಿಗೂ ಹೊಟ್ಟೆಕಿಚ್ಚಿದೆ. ಆ ಕೈ ಹಿಡಿಯಬೇಕಾದವಳು ನಾನು. ಅವ್ವನ ಆ ಕಡೆಯ ಬೈಗುಳ ನನ್ನದು. ಅದು ನನಗೆ ಬೇಕಾಗಿತ್ತು.